ನೆಲದಡಿಯ ಗಾಳಿ

ಮಾವಿನ ದಿಮ್ಮಿಯೊಂದನ್ನು ಸುಬ್ಬ ಅಡಿಯಿಂದ ಎಳೆದು ಗದ್ದೆಯ ಅಂಚಿಗೆ ಉರುಳಿಸಿದ. ಒಟ್ಟಿದ್ದ ಸೌದೆ ಒಂದು ಬದಿಗೆ ವಾಲಿತು. ಅಷ್ಟು ಹೊತ್ತು ಬೆವರು ಸುರಿಸಿ ಅದನ್ನು ಒಟ್ಟಿದ್ದ ನೆರೆಮನೆಯ ಗೋವರ್ಧನ ಸೊಂಟಕ್ಕೆ ಕೈಯಿಟ್ಟು ನಿಂತ.

“ಎಂತ ಮಾಡ್ತ್ರಿ ಸುಬ್ಬಣ್ಣ? ಒಟ್ಟದ್ದನ್ನ ಕೆಡಗೂದಾ?”

“ಅಡಿಗೆ ಗಾಳಿ ಹೋಪುಕ್ ದಾರಿ ಇಲ್ಲೆ ಮಾರಾಯ. ಮೇಲೆ ಎಷ್ಟ್ ಸೌದಿ ಹಾಕ್ರೂ ಬರೀ ಹೊಗಿಯೇ.”

ಸುಬ್ಬ ಎರಡು ದಪ್ಪ ದಿಮ್ಮಿಗಳನ್ನು ಉದ್ದಕ್ಕೆ ಇಟ್ಟು, ಅವುಗಳ ಮೇಲೆ ಅಡ್ಡಕ್ಕೆ ತುಂಡುಗಳನ್ನು ಜೋಡಿಸಿದ. ಪಡುವಣದ ಕಡಲಗಾಳಿ ನೇರ ಒಳನುಗ್ಗುವಂತೆ ಒಂದು ಗೇಣೆತ್ತರದ ಬಾಯಿ ಬಿಟ್ಟ.

ಬಿಜೂರಿನ ಈ ಗದ್ದೆಗೆ ಅವನು ಬಂದದ್ದು ಬೆಳಿಗ್ಗೆ ಎಂಟಕ್ಕೆ. ಅಂಗಳದಲ್ಲಿ ವೈಕುಂಠ ಹೆಣವಾಗಿ ಮಲಗಿದ್ದ. ಅವನ ಹೆಂಡತಿ ತುಂಗಾ ಹೇಳಿ ಕಳಿಸಿದ್ದಳು: ಚಿತೆಯನ್ನು ಬೇರೆ ಯಾರೂ ಕಟ್ಟುವುದು ಬೇಡ, ಸುಬ್ಬಣ್ಣನೇ ಕಟ್ಟಬೇಕು, ಇಬ್ಬರೂ ಸೇರಿ ಮುಂಬೈಯಲ್ಲಿ ಇಪ್ಪತ್ತು ವರ್ಷ ಕಟ್ಟಿದ್ದೂ ಅದೇ ತಾನೇ, ಕೆಳಗೆ ಗಾಳಿ, ಮೇಲೆ ಭಾರ. ಬಂದವರಲ್ಲೊಬ್ಬರು, ವೈಕುಂಠ ಅಂತೂ ತನ್ನ ಹೆಸರಿನ ಊರಿಗೇ ಹೊರಟ ಎಂದಿದ್ದರು. ಬದುಕಿದ್ದರೆ ವೈಕುಂಠ ಆ ಮಾತನ್ನು, ಹೇಳಿದವರದ್ದೇ ಸ್ವರದಲ್ಲಿ, ಇನ್ನೊಮ್ಮೆ ಹೇಳಿ ಅಂಗಳವನ್ನೆಲ್ಲ ನಗಿಸುತ್ತಿದ್ದ.

* * *

ನವಿಮುಂಬೈಯ ಕಂಪ್ಯೂಟರ್ ಹಾಲುಗಳಿಗೆ ಎರಡು ನೆಲ. ಕೆಳಗಿನದು ಕಾಂಕ್ರೀಟು. ಅದರ ಮೇಲೆ ಮೊಣಕಾಲೆತ್ತರದ ಕಬ್ಬಿಣದ ಕಾಲುಗಳು, ಕಾಲಿನಿಂದ ಕಾಲಿಗೆ ಅಡ್ಡಪಟ್ಟಿ, ಪಟ್ಟಿಗಳ ಮೇಲೆ ಎರಡಡಿ ಚೌಕದ ಹಲಗೆ. ಎರಡು ನೆಲಗಳ ನಡುವೆ ತಣ್ಣನೆಯ ಗಾಳಿ ಊದುತ್ತಾರೆ; ಅದು ತೂತಿನ ಹಲಗೆಗಳಿಂದ ಮೇಲೆ ಬಂದು ಯಂತ್ರಗಳ ಬಿಸಿ ಇಳಿಸುತ್ತದೆ. ‘ಫಾಲ್ಸ್ ಫ್ಲೋರಿಂಗ್’ ಎನ್ನುವ ಈ ಕೆಲಸದಲ್ಲಿ ಸುಬ್ಬ ಮತ್ತು ವೈಕುಂಠ ಜೋಡಿ. ಹಗಲೆಲ್ಲ ನೆಲಕ್ಕೆ ಕಾಲು ಕೊಟ್ಟು, ಸಂಜೆ ಇಬ್ಬರೂ ಒಟ್ಟಿಗಿದ್ದ ಬಾಡಿಗೆ ಖೋಲಿಯಲ್ಲಿ ಒಬ್ಬರ ಕಾಲನ್ನೊಬ್ಬರು ಎಳೆಯುತ್ತಿದ್ದರು.

ವೈಕುಂಠನಿಗೆ ಬಾರದ ಸ್ವರವಿರಲಿಲ್ಲ. ಮೂಗಿನಲ್ಲಿ ಹಿಂದಿ ಮಾತಾಡುವ ಕಂಪನಿಯ ಸಾಹೇಬ, ಗಾಳಿಯ ಯಂತ್ರ ಚಾಲೂ ಆಗುವಾಗಿನ ಗೊರಗೊರ, ಮೇಲಿನ ಮಹಡಿಯ ಅತ್ತೆ ಸೊಸೆ ಇಬ್ಬರೂ. ಎಲ್ಲಕ್ಕಿಂತ ಚೆಂದವಾಗಿ ಬರುತ್ತಿದ್ದುದು ಸುಬ್ಬನ ಸ್ವರ: ಮಾತಿಗೆ ಮೊದಲು ಒಂದು ‘ಹ್ಞಂ’, ಕೊನೆಯ ಅಕ್ಷರ ಅರ್ಧ ಹೊಟ್ಟೆಗೆ. ಒಮ್ಮೆ ಆ ಸ್ವರದಲ್ಲಿ ಸುಬ್ಬನ ಹೆಂಡತಿ ವನಜಳಿಗೇ ಫೋನು ಮಾಡಿ, ಮನೆಯ ಸುದ್ದಿಯನ್ನೆಲ್ಲ ಕೇಳಿಸಿಕೊಂಡಿದ್ದ. ಪಕ್ಕದಲ್ಲೇ ಕುಳಿತಿದ್ದ ಸುಬ್ಬ ಬಾಯಿಗೆ ತಲೆದಿಂಬು ತುರುಕಿಕೊಂಡು ನಕ್ಕಿದ್ದ.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಹಾಲಿಗೆ ದಪ್ಪ ಕೇಬಲು ಎಳೆಯುವವರು ಬಂದರು. ಕೇಬಲು ನುಗ್ಗಲು ಒಂದು ಸಾಲಿನ ಅಡ್ಡಪಟ್ಟಿಗಳನ್ನು ಬಿಚ್ಚಬೇಕು. ಎಳೆದಾದ ಮೇಲೆ ಮತ್ತೆ ತಿರುಪು ಹಾಕಿ ಬಿಗಿದು ಹಲಗೆ ಮುಚ್ಚಬೇಕು. ಬಿಚ್ಚಿದ್ದು ಇಬ್ಬರೂ. ಬಿಗಿಯುವ ಕೆಲಸ ವೈಕುಂಠನ ಪಾಲಿಗೆ ಬಂತು, ಏಕೆಂದರೆ ತಾಯಿಯ ಬೊಜ್ಜಕ್ಕೆ, ಉತ್ತರಕ್ರಿಯೆಗೆ, ಊರಿಗೆ ಹೊರಟ ಸುಬ್ಬನಿಗೆ ಸಂಜೆಯ ರೈಲಿತ್ತು. ಅವಸರದಲ್ಲಿ ಅವನು ಚಾರ್ಜಿಗಿಟ್ಟ ಫೋನನ್ನು ಖೋಲಿಯಲ್ಲೇ ಮರೆತ.

ಹದಿನೈದು ದಿನ ಬಿಟ್ಟು ಬಂದಾಗ ಗೇಟಿನಲ್ಲೇ ತಡೆದರು. ಅವನು ಊರಿಗೆ ಹೊರಟ ಮಾರನೆಯ ದಿನವೇ ಯಂತ್ರದ ಕಪಾಟನ್ನು ಉರುಳಿಸಿಕೊಂಡು ಹೋಗುವಾಗ ಆ ಸಾಲು ಕಾಲು ಮಡಚಿ ಕುಸಿದಿತ್ತು. ಒಬ್ಬನ ಪಾದ ಜಜ್ಜಿಹೋಗಿತ್ತು. ಪಟ್ಟಿ ಹಾಕದೆ ಮುಚ್ಚಿದವನು ಸುಬ್ಬ, ಅವನೇ ಒಪ್ಪಿಕೊಂಡಿದ್ದಾನೆ ಎಂದರು. ತಾನು ಎಲ್ಲವನ್ನೂ ಬಿಗಿದಿದ್ದೆ, ಆಮೇಲೆ ಕೇಬಲಿನವರೇ ಬಿಚ್ಚಿರಬೇಕು ಎಂದು ವೈಕುಂಠ ಮಗಳ ತಲೆಯ ಮೇಲೆ ಆಣೆಯಿಟ್ಟ. ಇದೆಲ್ಲ ಕಂಪನಿಯ ಕಟ್ಟುಕತೆ ಎಂದು ಸುಬ್ಬ ನಂಬಿದ. ಆ ಕಸುಬಿನಲ್ಲಿ ಮತ್ತೆ ಯಾರೂ ಅವನನ್ನು ಕರೆಯಲಿಲ್ಲ. ಊರಿಗೆ ಬಂದು ಕಂಡವರ ಬಚ್ಚಲಿಗೆ ಟೈಲ್ಸ್ ಅಂಟಿಸಿದ.

* * *

ಚಿತೆಯ ಮೂರನೆಯ ಸಾಲು ಏರುವಾಗ ತೆಕ್ಕಟ್ಟೆಯ ರವಿರಾಜ್ ಗದ್ದೆಗೆ ಇಳಿದು ಬಂದ. ಮುಂಬೈಯಲ್ಲಿ ಅವರಿಬ್ಬರ ಮೇಲೆ ಸೂಪರ್‌ವೈಸರ್ ಆಗಿದ್ದವನು. ನೆಲ ಕುಸಿದ ತಿಂಗಳೇ ದುಬೈಗೆ ಹೋದವನನ್ನು ಸುಬ್ಬ ಮತ್ತೆ ಕಂಡದ್ದು ಇವತ್ತೇ.

“ಈ ಸರ್ತಿ ಅಡ್ಡಪಟ್ಟಿ ಹಾಕಿದ್ರಿ ಅಲ್ದಾ, ಸುಬ್ಬಣ್ಣ?”

ಹಳೆಯ ಸ್ನೇಹದ ತಮಾಷೆ ಅದು. ಸುಬ್ಬ ತಲೆಯೆತ್ತದೆ, ಸಾಹೇಬ ಕಟ್ಟಿದ ಸುಳ್ಳನ್ನು ನೀನಿನ್ನೂ ಹೊತ್ತು ತಿರುಗುತ್ತೀಯಾ ಎಂದ. ರವಿರಾಜನ ನಗು ಅಲ್ಲೇ ನಿಂತಿತು.

“ಸುಳ್ಳ್ ಎಂತದ್? ಫೋನ್ ಮಾಡದ್ದ್ ನಾನೇ ಅಲ್ದಾ.”

“ಯಾರಿಗ್?”

“ನಿಮ್ಗೆ. ನಿಮ್ ಫೋನಿಗೇ. ‘ಹ್ಞಂ, ನಂದೇ ತಪ್ಪ್ ರವಿರಾಜ, ರೈಲ್ ತಪ್ಪತ್ತ್ ಅಂದೇಳಿ ಪಟ್ಟಿ ಹಾಕ್ದೇ ಮುಚ್ಚದೆ’ ಅಂದ್ರಿ. ಸಾಹೇಬ್ರ ಎದ್ರಿಗೆ ಸ್ಪೀಕರ್ ಹಾಕಿದ್ದೆ. ನಿಮ್ ಸ್ವರ ನಂಗೆ ಗೊತ್ತಿಲ್ಯಾ?”

ಸುಬ್ಬನ ಕೈಯಲ್ಲಿ ತೆಂಗಿನ ಗೆರಟೆಗಳಿದ್ದವು. ಅವನ್ನು ಒಂದೊಂದಾಗಿ ಕೆಳಗಿಟ್ಟ.

“ಆ ಫೋನ್ ಖೋಲಿಯಗೆ ಇದ್ದಿತ್, ರವಿರಾಜ.”

ರವಿರಾಜನಿಗೆ ಅದು ತಲೆಗೆ ಹೋಗಲಿಲ್ಲ. ಹೋಗಲಿ ಬಿಡಿ, ತಪ್ಪು ಎಲ್ಲರೂ ಮಾಡುತ್ತಾರೆ, ಒಪ್ಪಿಕೊಂಡದ್ದು ದೊಡ್ಡದು, ದುಬೈಯಲ್ಲಿ ಹೊಸ ಹುಡುಗರಿಗೆಲ್ಲ ನಾನು ನಿಮ್ಮ ಕತೆಯನ್ನೇ ಹೇಳುವುದು ಎಂದು ಭುಜ ತಟ್ಟಿ ಅಂಗಳದ ಕಡೆ ಹೋದ.

ಸುಬ್ಬ ದಿಮ್ಮಿಯ ಮೇಲೆ ಕುಳಿತ. ಪ್ರತಿ ಬೇಸಗೆಯಲ್ಲೂ ವೈಕುಂಠ ಊರಿಗೆ ಬಂದ ದಿನವೇ ಸುಬ್ಬನ ಜಗಲಿಗೆ ಬರುತ್ತಿದ್ದ. ಸಾಹೇಬನ ಮೂಗಿನ ಹಿಂದಿಯಲ್ಲಿ ಸುಬ್ಬನನ್ನು ಕೆಲಸದಿಂದ ತೆಗೆಯುವ ಆಟ ಆಡಿ, ಆಮೇಲೆ ತನ್ನ ಸ್ವರದಲ್ಲಿ ಆ ಸಾಹೇಬನಿಗೆ ಬೈಯುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಗು. ಊರಿನ ಯಾರ ಸ್ವರ ಕೇಳಿದರೂ ಮಾಡಿ ತೋರಿಸುತ್ತಿದ್ದವನು, ಆ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲವೂ ಸುಬ್ಬನ ಸ್ವರ ಮಾಡಿರಲಿಲ್ಲ. ಇದು ಸುಬ್ಬನಿಗೆ ಹೊಳೆದದ್ದು ಈಗ.

ಅವನು ಎದ್ದು ಅಂಗಳಕ್ಕೆ ಹೋದ. ಕೇಳಲೆಂದು ಹೋದನೋ ಹೇಳಲೆಂದು ಹೋದನೋ ಅವನಿಗೇ ತಿಳಿದಿರಲಿಲ್ಲ. ತುಂಗಾ ಗಂಡನ ತಲೆಯ ಬಳಿ ಕುಳಿತಿದ್ದಳು. ಮಗಳು ರಮಿತಾ ಅವಳ ಬೆನ್ನಿಗೆ ಒರಗಿದ್ದಳು. ಸುಬ್ಬನನ್ನು ಕಂಡದ್ದೇ ತುಂಗಾ ಸೆರಗಿನಿಂದ ಮೂಗೊರೆಸಿಕೊಂಡಳು.

“ಆಸ್ಪತ್ರಿಯಗೆ ಕಡೀ ಎರಡ್ ದಿನ ನಿಮ್ ಸ್ವರದಗೇ ಮಾತಾಡ್ತಿದ್ರ್ ಸುಬ್ಬಣ್ಣ. ‘ಹ್ಞಂ, ನಂದೇ ತಪ್ಪ್, ನಂದೇ ತಪ್ಪ್’ ಅಂದೇಳಿ. ಕಣ್ ಮುಚ್ಚಿ ಕೇಂಡ್ರೆ ನೀವೇ. ಅಷ್ಟ್ ಜೀವ ಅವ್ರಿಗೆ ನಿಮ್ ಮೇಲೆ.”

ರಮಿತಾ ತಲೆಯೆತ್ತಿ ಅವನ ಮುಖ ನೋಡಿದಳು. ವೈಕುಂಠ ಆಣೆಯಿಟ್ಟದ್ದು ಈ ತಲೆಯ ಮೇಲೆ. ಸೌದೆ ಆಯ್ತು ತುಂಗಕ್ಕ, ಎತ್ತಬಹುದು ಎಂದಷ್ಟೇ ಹೇಳಿ ಸುಬ್ಬ ಗದ್ದೆಗೆ ಮರಳಿದ.

ಅಲ್ಲಿ ಯಾರೂ ಇರಲಿಲ್ಲ. ಸುಬ್ಬ ತೋಡಿನ ಬದಿಯ ಕೆಸರನ್ನು ಬೊಗಸೆಯಲ್ಲಿ ತುಂಬಿ ತಂದು ಚಿತೆಯ ಪಡುವಣದ ಬಾಯಿಗೆ ಮೆತ್ತಿದ. ಇನ್ನೊಂದು ಬೊಗಸೆ. ಮೇಲೊಂದು ಹಸಿ ತೆಂಗಿನ ಸಿಪ್ಪೆ. ಬೇಯಲಿ ಅರ್ಧಂಬರ್ಧ. ಮಳೆಗಾಲದ ಒಲೆಯ ಹಾಗೆ ಹೊಗೆಯಾಡುತ್ತ ಬಿದ್ದಿರಲಿ. ಬಂದವರು ಕೆಮ್ಮಲಿ, ಮೂಗು ಮುಚ್ಚಲಿ.

ಶಂಖದ ಸದ್ದು ಕೇಳಿತು. ಚಟ್ಟ ಗದ್ದೆಗೆ ಇಳಿಯುತ್ತಿತ್ತು. ಎದುರಿನ ಬಲಗಡೆ ಹೆಗಲು ಕೊಟ್ಟವನು ರವಿರಾಜ್. ಅವನ ಕಣ್ಣು ಮೊದಲು ಹೋದದ್ದು ಚಿತೆಯ ಬುಡಕ್ಕೆ, ಕಸುಬಿನವನ ಕಣ್ಣು.

ಸುಬ್ಬನ ಕೈ ಕೆಸರಿನಲ್ಲೇ ನಿಂತಿತು. ಹೊಗೆ ಎದ್ದರೆ ನಾಳೆ ಎಲ್ಲರೂ ಏನನ್ನುತ್ತಾರೆ? ಸುಬ್ಬ ಮೇಲೆ ಚಂದ ಮಾಡಿದ್ದ, ಅಡಿಯಲ್ಲಿ ಕೆಲಸ ಬಿಟ್ಟಿದ್ದ ಎಂದು. ಮುಂಬೈಯಲ್ಲಿ ಮಾಡಿದ ಹಾಗೆಯೇ ಎಂದು. ಆ ಸುಳ್ಳನ್ನು ನಿಜ ಮಾಡುವುದೊಂದು ಬಾಕಿಯಿತ್ತು. ಅದನ್ನು ವೈಕುಂಠ ಅವನ ಕೈಗೇ ಬಿಟ್ಟು ಹೋಗಿದ್ದ.

ಅವನು ಉಗುರಿನಲ್ಲಿ ಕೆರೆದು ಕೆರೆದು ಕೆಸರು ತೆಗೆದ. ಸಿಪ್ಪೆಯನ್ನು ದೂರ ಎಸೆದ. ಒದ್ದೆಯಾದ ಜಾಗವನ್ನು ಪಂಚೆಯ ಅಂಚಿನಿಂದ ಒರೆಸಿ ಒಣ ಗೆರಟೆ ತುಂಬಿದ. ಚಟ್ಟ ಹತ್ತಿರ ಬರುವಷ್ಟರಲ್ಲಿ ಬಾಯಿ ಮತ್ತೆ ತೆರೆದಿತ್ತು.

ರಮಿತಾ ಬೆಂಕಿಯಿಟ್ಟಳು. ಗಾಳಿ ಅಡಿಯಿಂದ ಹೊಕ್ಕು ಗೆರಟೆಗಳನ್ನು ಹಿಡಿಯಿತು. ಮೂರು ನಿಮಿಷದೊಳಗೆ ಉರಿ ಒಂದೇ ಸಮನಾಗಿ, ಹೊಗೆಯಿಲ್ಲದೆ ಎದ್ದಿತು. ಇಂಥ ಚಿತೆಯನ್ನು ತಾನು ಕಂಡೇ ಇಲ್ಲ ಎಂದು ಗೋವರ್ಧನ ಮೆಲ್ಲಗೆ ಹೇಳಿದ.

“ಆಗ್ಳೂ ಹೀಂಗೇ ಮಾಡಿದ್ರೆ...” ಎಂದ ರವಿರಾಜ್.

ಶಾಖ ತಡೆಯದೆ ಎಲ್ಲರೂ ಹಿಂದೆ ಸರಿದರು. ಸುಬ್ಬ ಮುಂದೆ ಹೋದ. ಗಾಳಿ ಒಳನುಗ್ಗುವ ಬಾಯಿಯ ಎದುರು ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿದ. ಒಳಗಿನ ಗಾಳಿಯ ಗೊರಗೊರದಲ್ಲಿ ಒಂದು ‘ಹ್ಞಂ’ ಕೇಳುತ್ತದೋ ಎಂದು ಕಿವಿಗೊಟ್ಟ. ಹುಬ್ಬಿನ ಕೂದಲು ಚುರುಗುಟ್ಟಿತು. ಗೋವರ್ಧನ ಓಡಿ ಬಂದು ತೋಳು ಹಿಡಿದು ಎಳೆದ. ಎಳೆದರೂ, ಸುಬ್ಬ ಕಿವಿಯನ್ನು ಅಲ್ಲಿಂದ ತೆಗೆಯಲಿಲ್ಲ.