ನಾಲ್ಕು ವರ್ಷದ ಸಿಪಾಯಿ

ಬನಹಟ್ಟಿಯಲ್ಲಿ ಗುಟ್ಟು ಹೇಳುವ ರೀತಿಯೇ ಬೇರೆ. ಉಳಿದ ಊರಿನವರು ಕಿವಿಯಲ್ಲಿ ಉಸುರುತ್ತಾರೆ. ಇಲ್ಲಿಯವರು ಓಡುವ ಮಗ್ಗದ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಒದರುತ್ತಾರೆ. ಎದುರಿಗಿದ್ದವನನ್ನು ಬಿಟ್ಟು ಇನ್ನೊಬ್ಬನಿಗೆ ಒಂದಕ್ಷರ ಕೇಳಿಸುವುದಿಲ್ಲ.

ಹೆಣ್ಣು ನೋಡಲು ಮಂದಿ ಬಂದಾಗಲೂ ಇಲ್ಲಿ ಮಗ್ಗ ನಿಲ್ಲಿಸುವುದಿಲ್ಲ. ನಿಂತ ಮಗ್ಗ ಕಂಡರೆ ಈ ಮನೆತನ ಕುಂತುಬಿಟ್ಟಿದೆ ಎಂದು ಬೀಗರು ತಿಳಿಯುತ್ತಾರಂತೆ. ಹಾಗಾಗಿ ಆ ರವಿವಾರವೂ ಶೇವಂತಿ ಮಗ್ಗದ ಕೋಣೆಯ ಬಾಗಿಲು ಮುಂದಕ್ಕೆಳೆದು, ನಾಲ್ಕೂ ಮಗ್ಗಗಳನ್ನು ಓಡಲು ಬಿಟ್ಟು, ಗಲಗಲಿಯಿಂದ ಬಂದವರಿಗೆ ಅವಲಕ್ಕಿ ಕೊಟ್ಟಳು. ಹುಡುಗ ಸುಭಾಷ್, ಅವನ ತಂದೆ ಗಿರಿಮಲ್ಲಪ್ಪ, ತಾಯಿ ಅನಸವ್ವ. ಹೊಳೆದಂಡೆಯ ಮಂದಿ, ಮೆಲ್ಲಗೆ ಮಾತಾಡುವವರು. ಗೋಡೆಯಾಚೆಯ ಖಟಖಟಕ್ಕೆ ಪ್ಲೇಟು ಅಲುಗಿದಾಗಲೆಲ್ಲ ಅನಸವ್ವ ಅದನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು.

ಶೇವಂತಿಗೆ ಹುಡುಗ ಮೆಚ್ಚುಗೆಯಾಗಿದ್ದ. ಮಗಳು ಉಜ್ವಲಾಗಂತೂ ಕೇಳುವುದೇ ಬೇಡ. ಜಮಖಂಡಿ ಕಾಲೇಜಿನಲ್ಲಿ ಓದುವಾಗಿನಿಂದ ಅವನ ಪರಿಚಯ. 'ಇವನ ಕೂಡ ಆಗದಿದ್ದರ ಸದ್ಯಕ್ಕ ಲಗ್ನದ ಮಾತು ಬ್ಯಾಡವ್ವ' ಎಂದು ತಾಯಿಗೆ ಮೊದಲೇ ಹೇಳಿಟ್ಟಿದ್ದಳು. ಗಂಡ ರಾಜಕುಮಾರ ಯಾರು ಏನೆಂದರೂ 'ಹೂಂ' ಅನ್ನುವವನು. ಉಳಿದದ್ದು ಒಂದೇ ಗುಡ್ಡ: ಭಾವ ಮಹಾಲಿಂಗಪ್ಪ. ಫೌಜಿನ ನಿವೃತ್ತ ಹವಾಲ್ದಾರ. ಆ ಮನೆಯಲ್ಲಿ ಹಿರಿಯನ ಬಾಯಿಗೆ ಸಕ್ಕರೆ ಬೀಳದೆ ಮಾತು ಪಕ್ಕಾ ಆಗುತ್ತಿರಲಿಲ್ಲ.

ತೊಡಕು ಎಲ್ಲಿತ್ತೆಂದರೆ, ಸುಭಾಷ್ ಅಗ್ನಿವೀರ. ನಾಲ್ಕು ವರ್ಷದ ನೌಕರಿ. ಮುಗಿಯುವ ಹೊತ್ತಿಗೆ ಕೆಲವರನ್ನು ಕಾಯಂ ಮಾಡಿಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ಲಗ್ನವೂ ಆಗುವಂತಿಲ್ಲ. ಈಗ ಬೇಕಾಗಿದ್ದದ್ದು ಬರೀ ಮಾತು.

"ನಾಕ ವರ್ಷದಾಗ ಏನ್ ಸಿಪಾಯಿ ಆಕ್ಕಾನ ತಮ್ಮಾ?" ಮಹಾಲಿಂಗಪ್ಪ ಮೀಸೆಯ ಮೇಲೆ ಕೈ ಆಡಿಸಿದ. "ನಾಕ ವರ್ಷ ನಮಗ ಬೂಟಿಗೆ ಪಾಲಿಶ್ ಹಚ್ಚೂದು ಕಲಿಯಾಕ ಬೇಕಾಗಿತ್ತು."

"ನಿಮ್ಮ ಕಾಲದಾಗ ಬೂಟು ಭಾಳ ದೊಡ್ಡವು ಇದ್ದಿರಬೇಕ್ರಿ ಕಾಕಾರ" ಎಂದ ಸುಭಾಷ್.

ಗಿರಿಮಲ್ಲಪ್ಪ ಮಗನ ತೊಡೆಗೆ ಚಿವುಟಿದ. ಮಹಾಲಿಂಗಪ್ಪನ ಮೀಸೆ ಒಂದು ಸಲ ಅಲುಗಿತು. ಸಿಟ್ಟಿಗೋ ನಗೆಗೋ ತಿಳಿಯಲಿಲ್ಲ.

"ಈಗೇನು ಡ್ರೋನ್ ಹಾರಸ್ತೀಯಂತಲ್ಲ?"

"ಹೌದ್ರಿ. ನಮ್ಮ ಟುಕಡ್ಯಾಗ ಅದಽ ನನ್ನ ಕೆಲಸ."

"ಗಾಳಿಪಟ!" ಮಹಾಲಿಂಗಪ್ಪ ಇಡೀ ಓಣಿಗೆ ಕೇಳಿಸುವ ಹಾಗೆ ಅಂದ. ಬನಹಟ್ಟಿಯವರ ಸಾದಾ ದನಿ ಅದು. ಆದರೆ ಅನಸವ್ವ ಬೆಚ್ಚಿ ಗಂಡನ ಕಡೆ ನೋಡಿದಳು. "ಚಳಿಗೆ ಬ್ಯಾಟ್ರಿ ಸಾಯತೈತಿ. ಗಾಳಿ ಬಿಟ್ರ ವೈರಿ ಮನ್ಯಾಗ ಹೋಗಿ ಬೀಳತೈತಿ. ಗುಡ್ಡದ ಮ್ಯಾಲ ನಿಂತು 'ಇದು ನಮ್ಮದು' ಅನ್ನಾಕ ಕಾಲು ಬೇಕೋ ತಮ್ಮಾ, ಕಾಲು! ಅದಕ್ಕಽ ಕಾಲಾಳು ಅಂತಾರ. ಹತ್ತ ವರ್ಷ ಒಂದಽ ತಾಟಿನ್ಯಾಗ ಉಂಡಿರಬೇಕು, ಆಗ ಬಾಜೂಕಿನವಗ ಗುಂಡ ಬಿತ್ತಂದ್ರ ಎತಗೊಂಡ ಬರತಾನ. ನಾಕ ವರ್ಷದಾಂವ ಘಡಿಯಾರ ನೋಡತಾನ."

ಸುಭಾಷ್‌ನ ಮುಖ ಈಗ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ.

"ಕಾಕಾರ, ಒಂದ ಮಾತ ಕೇಳಲೇನ್ರಿ? ಗುಡ್ಡದ ಆಚಿ ಕಡೆ ಯಾರಾರ ಅದಾರೇನಂತ ನೋಡಾಕ ನಿಮ್ಮ ಕಾಲದಾಗ ಏನ್ ಮಾಡತಿದ್ರಿ?"

"ಮೂರ ಮಂದೀನ ಕಳಸತಿದ್ವಿ."

"ಮೂರೂ ಮಂದಿ ವಾಪಸ್ ಬರತಿದ್ರೇನ್ರಿ?"

ಮಹಾಲಿಂಗಪ್ಪ ಎದುರಿಗಿದ್ದ ನೀರಿನ ಲೋಟ ಎತ್ತಿ ಪೂರ್ತಿ ಕುಡಿದು, "ಮಗ್ಗ ನೋಡಿ ಬರತೇನಿ" ಎಂದು ಎದ್ದು ಒಳಗೆ ಹೋದ. ಭಾವ ಹೀಗೆ ಮಾತಿನ ನಡುವೆ ಎದ್ದು ಹೋಗಿದ್ದನ್ನು ಶೇವಂತಿ ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ. ಅನಸವ್ವ ಸೆರಗು ಸರಿಮಾಡಿಕೊಂಡು, ಹೊರಡುವವರ ಹಾಗೆ ಕೈಚೀಲ ಹುಡುಕಿದಳು. ಅಡಿಗೆಮನೆಯ ಬಾಗಿಲಲ್ಲಿ ಉಜ್ವಲಾ ಕಲ್ಲಿನ ಹಾಗೆ ನಿಂತಿದ್ದಳು.

ಶೇವಂತಿ ಭಾವನ ಹಿಂದೆಯೇ ಮಗ್ಗದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಏನಾತ್ರಿ ಭಾವಾರ?" ಎಂದು ಒದರಿದಳು.

"ಹುಡುಗ ಖರೆ ಹೇಳಾಕತ್ತಾನ!" ಮಹಾಲಿಂಗಪ್ಪನೂ ಒದರಿದ. ಕಣ್ಣು ಒದ್ದೆಯಾಗಿದ್ದವು. "ನಮ್ಮ ಪಲ್ಟನ್ನಿನ ಜಕ್ಕಪ್ಪ! ಹುನ್ನೂರ ಜಕ್ಕಪ್ಪ! ಹಂಗಽ ನೋಡಾಕ ಹೋಗಿದ್ದ, ತಿರುಗಿ ಬರಲಿಲ್ಲ. ಅಂಥಾದ್ದೊಂದು ಗಾಳಿಪಟ ಅವತ್ತ ನಮ್ಮ ಕೈಯಾಗ ಇದ್ದಿದ್ರ ಇವತ್ತ ಅಂವ ಮೊಮ್ಮಕ್ಕಳನ್ನ ಆಡಸ್ಕೋಂತ ಕುಂದರತಿದ್ದ!"

"ಮತ್ತ ಹೂಂ ಅನ್ರೆಲ್ಲ!"

"ಹೆಂಗ ಅನ್ಲಿ? ನಾಕ ವರ್ಷದಾಂವ ಸಿಪಾಯಿನಽ ಅಲ್ಲ ಅಂತ ಚಾದಂಗಡ್ಯಾಗ ದಿನಾ ಭಾಷಣ ಮಾಡೀನಿ! ರಬಕವಿ, ಬನಹಟ್ಟಿ ಎರಡೂ ಕೇಳ್ಯಾವ! ಈಗ ನಮ್ಮ ಮನೀ ಹುಡಿಗಿನಽ ಕೊಟ್ರ ನಾಳೆ ಅಲ್ಲಿ ಹೆಂಗ ಕುಂಡ್ರಲಿ? ನಾ ಒಲ್ಲೆ ಅಂತೀನಿ, ನೀ ಹೊರಗ ಹೋಗಿ ಜಾತಕ ಕೂಡಲಿಲ್ಲ ಅಂತ ಹೇಳಿಬಿಡು!"

ಚಹಾದಂಗಡಿಯ ಬೆಂಚಿನ ಸಲುವಾಗಿ ಮಗಳ ಬಾಳು. ಶೇವಂತಿ ಓಡುವ ಮಗ್ಗ ನೋಡಿದಳು. ನೇಯುವಾಗ ದಿಢೀರನೆ ನಿಲ್ಲಿಸಿದರೆ ಸೀರೆಯ ಮೇಲೆ ಅಡ್ಡಗೆರೆ ಬೀಳುತ್ತದೆ. ವ್ಯಾಪಾರಿ ಕಣ್ಣು ಮುಚ್ಚಿಕೊಂಡೂ ಅದನ್ನು ಹಿಡಿಯುತ್ತಾನೆ. ಬೀಳಲಿ, ನಾಲ್ಕೇ ಸೀರೆ. ಗೋಡೆಗೆ ಬೆನ್ನು ಕೊಟ್ಟು ನಿಂತು ಹಿಂದೆ ಕೈ ಚಾಚಿ ಮೇನ್ ಸ್ವಿಚ್ಚಿನ ಹಿಡಿಕೆ ಹುಡುಕಿದಳು.

"ಅದೆಲ್ಲಾ ಇರಲಿ, ಹುಡುಗ ಹೆಂಗದಾನ? ಅದನ್ನ ಹೇಳ್ರಿ!" ಎಂದು ಒದರಿ ಹಿಡಿಕೆ ಕೆಳಗೆಳೆದಳು.

ನಾಲ್ಕೂ ಮಗ್ಗ ಒಮ್ಮೆಲೇ ಸತ್ತವು. ಹುಟ್ಟಿನಿಂದ ಗದ್ದಲದಲ್ಲೇ ಬೆಳೆದ ಗಂಟಲಿಗೆ ಅಷ್ಟು ಬೇಗ ಬ್ರೇಕ್ ಬೀಳುವುದಿಲ್ಲ.

"ಬಂಗಾರದಂಥಾ ಹುಡುಗ!" ಮಹಾಲಿಂಗಪ್ಪನ ಮಾತು ಬಾಗಿಲು ದಾಟಿ, ಪಡಸಾಲೆ ದಾಟಿ, ಓಣಿಗೆ ಹೋಯಿತು. "ಇಂಥಾಂವನ್ನ ಬಿಟ್ರ ನಮ್ಮಂಥಾ ಹುಚ್ಚರು ಯಾರೂ ಇಲ್ಲ!"

ಪಡಸಾಲೆಯ ಫ್ಯಾನು ತಿರುಗುತ್ತ ತಿರುಗುತ್ತ ನಿಂತಿತು.

ಶೇವಂತಿ ಬಾಗಿಲು ತೆರೆದು, "ಹಾಳ ಕರೆಂಟ್ ಹೋತ್ರೀ" ಎಂದಳು.

ಅನಸವ್ವ ಕೈಚೀಲವನ್ನು ಮತ್ತೆ ಕೆಳಗಿಟ್ಟಿದ್ದಳು. ಗಿರಿಮಲ್ಲಪ್ಪ ನಗು ತಡೆಯಲಾರದೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡಿದ್ದ. ರಾಜಕುಮಾರ, ಯಾರೂ ಏನೂ ಕೇಳದಿದ್ದರೂ, "ಹೂಂ" ಅಂದ. ಹೊರಗೆ ಬಂದ ಮಹಾಲಿಂಗಪ್ಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ನಗದಿದ್ದವನು ಸುಭಾಷ್ ಒಬ್ಬನೇ. ಎದ್ದು ನಿಂತ.

"ಕಾಕಾರ, ಒಂದ ಹೇಳಿಬಿಡತೇನಿ. ನನ್ನ ಇಟಗೊಂಡಽ ಇಟಗೋತಾರ ಅನ್ನಾಕ ಬರೂದಿಲ್ಲ. ನಾಕರಾಗ ಒಬ್ಬಂದು ಪಾಳಿ. ಸುಳ್ಳ ಹೇಳಿ ಹುಡಿಗಿ ಕೇಳಾಕ ಬಂದಿಲ್ರಿ."

"ಇಟಗೋಳಿಲ್ಲಂದ್ರ?" ಕೇಳಿದ್ದು ಮಹಾಲಿಂಗಪ್ಪ ಅಲ್ಲ, ಉಜ್ವಲಾ. ಪಡಸಾಲೆಯ ನಡುವಿಗೇ ಬಂದಿದ್ದಳು.

"ಊರಿಗೆ ಬರತೇನಿ. ಡ್ರೋನ್ ಬಿಚ್ಚಿ ಕೂಡಸಾಕ ಬರತೈತಿ. ಬೀಳಗಿ, ಮುಧೋಳದ ಕಡೆ ಕಬ್ಬಿಗೆ ಈಗ ಅದರಲೇ ಔಷಧ ಹೊಡಿಯಾಕತ್ತಾರ. ಹೊಟ್ಟಿಗೆ ಕಡಿಮಿ ಬೀಳೂದಿಲ್ಲ."

"ಆತು. ನನಗ ಅಷ್ಟ ಸಾಕು" ಎಂದಳು ಉಜ್ವಲಾ, ಅಂಗಡಿಯಲ್ಲಿ ಸೀರೆ ಆರಿಸಿದಷ್ಟೇ ಸರಳವಾಗಿ.

ಶೇವಂತಿ ಸಕ್ಕರೆ ಬಟ್ಟಲು ತಂದು ಭಾವನ ಮುಂದೆ ಹಿಡಿದಳು. ಮಹಾಲಿಂಗಪ್ಪ ಬಟ್ಟಲು ನೋಡಿದ, ಹುಡುಗನನ್ನು ನೋಡಿದ. ಅಷ್ಟರಲ್ಲಿ ಅವನ ಕಿವಿ ನಿಮಿರಿತು. ಪಕ್ಕದ ಮನೆಯ ಮಗ್ಗಗಳು ಖಟಖಟ ಓಡುತ್ತಲೇ ಇದ್ದವು.

"ಶೇವಂತಿ, ಬಾಜೂ ಮನ್ಯಾಗ ಕರೆಂಟ್ ಐತಲ್ಲ?"

"ಅವರದು ಬ್ಯಾರೆ ಲೈನ್ ರೀ ಭಾವಾರ."

ಎರಡೂ ಮನೆಗೆ ಒಂದೇ ಕಂಬ. ಆ ಕಂಬಕ್ಕೆ ತಂತಿ ಎಳೆಸಿದವನು ಸ್ವತಃ ಮಹಾಲಿಂಗಪ್ಪ. ಅವನು ತಮ್ಮನ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವಳೂ ಕಣ್ಣು ತೆಗೆಯಲಿಲ್ಲ.

"ತಮ್ಮಾ ಸುಭಾಷ್, ನಿನ್ನ ಡ್ರೋನಿಗೆ ಗುಡ್ಡದ ಆಚಿ ಕಡೆ ಕಾಣತೈತಿ. ಗ್ವಾಡಿ ಆಚಿ ಕಡೆ ಕುಂತು ಹೊಂಚ ಹಾಕಿದವರು ಕಾಣತಾರೇನು?"

"ಇಲ್ರಿ ಕಾಕಾರ. ಅದಕ್ಕ ಮನಶಾನಽ ಒಳಗ ಹೋಗಬೇಕು."

"ಒಳಗ ಹೋದಾಂವ ಸಿಕ್ಕಬಿದ್ರ?"

"ಶರಣಾಗಬೇಕ್ರಿ."

ಮಹಾಲಿಂಗಪ್ಪ ಬಾಯಿ ತೆರೆದ. ಶೇವಂತಿ ಸಕ್ಕರೆ ಹಾಕಿದಳು, ಸ್ವಲ್ಪ ಹೆಚ್ಚೇ.

"ನಾಳೆ ನನ್ನ ಕೂಡ ಚಾದಂಗಡಿಗೆ ಬಾ" ಎಂದು ಅವನು ಸಕ್ಕರೆ ಅಗಿಯುತ್ತ ಸುಭಾಷ್‌ನ ಹೆಗಲಿಗೆ ಕೈ ಹಾಕಿದ. "ಇದನ್ನೆಲ್ಲಾ ನೀನಽ ಹೇಳು. ನಾ ಬಾಜೂಕ ಕುಂತು 'ಹೂಂ' ಅಂತೀನಿ."