ಅರಮನೆಯ ತೋಟದಲ್ಲಿ ಲಮ್ದುವಾನ್

ಊರಿನ ಬೌದ್ಧ ವಿಹಾರದವರು ಹೊರಡಿಸಿದ ಬಸ್ಸಿನಲ್ಲಿ ಚಿಯಾಂಗ್ ಮಾಯ್‌ಗೆ ಹೋಗಿ ಬಂದ ಮೇಲೆ ಸಿಮೂನ್ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅಕ್ಕ ಬುವಾಛುಮ್ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು. ಒಂದು ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು ಅಂಟಕ್ಕಿ ಅನ್ನವನ್ನು ಸುಟ್ಟ ಮೆಣಸಿನಕಾಯಿ ಚಟ್ನಿಗೆ ಅದ್ದಿ ತಿನ್ನುತ್ತಿದ್ದಾಗ, ಸಿಮೂನ್ ಕೈಯಲ್ಲಿದ್ದ ತುತ್ತನ್ನು ಮತ್ತೆ ಅನ್ನದ ಬುಟ್ಟಿಗೆ ಹಾಕಿ ಹೇಳಿಬಿಟ್ಟಳು.

"ಅಕ್ಕ, ಬೆಟ್ಟದ ಅರಮನೆ ತೋಟಕ್ಕೆ ಹೋಗಿದ್ವಲ್ಲ, ಅಲ್ಲಿ ಲಮ್ದುವಾನ್‌ನ ನೋಡ್ದೆ. ಗುಲಾಬಿ ಗಿಡ ಕತ್ತರಿಸ್ತಿದ್ಲು."

ಬುವಾಛುಮ್ ಬುಟ್ಟಿಯ ಮುಚ್ಚಳ ಹಾಕಿದಳು. ಆಮೇಲೆ, "ನಿನ್ನ ನೋಡಿದ್ಲಾ?" ಅಂದಳು.

"ನೋಡಿದ್ಲು. ತಲೆ ತಗ್ಗಿಸಿದ್ಲು."

ಲಮ್ದುವಾನ್ ಬುವಾಛುಮಳ ಮಗಳು. ಶಾಲೆ ಬಿಟ್ಟ ವರ್ಷ ಪೇಟೆಯಿಂದ ಒಬ್ಬ ಹೆಂಗಸು ಬಂದು, ದಕ್ಷಿಣದ ಕಡೆ ಹೋಟೆಲ್ ಕೆಲಸ ಕೊಡಿಸುತ್ತೇನೆಂದು ಅವಳನ್ನು ಕರೆದುಕೊಂಡು ಹೋಗಿದ್ದಳು. ಎಂಥ ಹೋಟೆಲ್ಲೆಂದು ಬುವಾಛುಮ್ ಕೇಳಲಿಲ್ಲ. ಊರಿನಲ್ಲಿ ಹೊಸ ಮನೆ ಎದ್ದ ಕಡೆಯೆಲ್ಲ ಒಬ್ಬಳು ಮಗಳು ಅಂಥ ಹೋಟೆಲಿಗೆ ಹೋಗಿಯೇ ಇದ್ದಳು. ಕೇಳಬೇಕಾದ್ದೇನೂ ಇರಲಿಲ್ಲ. ಗಂಡ ಸತ್ತಿದ್ದ, ಮನೆಯ ಬಿದಿರು ಗೋಡೆ ಗೆದ್ದಲು ಹಿಡಿದಿತ್ತು. ಮರುವರ್ಷ ಸಿಮೆಂಟಿನ ಗೋಡೆ ಎದ್ದಿತು.

ಆ ವರ್ಷ ಸೊಂಗ್‌ಕ್ರಾನ್ ಹೊಸವರ್ಷದ ಹಬ್ಬಕ್ಕೆ ಲಮ್ದುವಾನ್ ಒಂದೇ ಒಂದು ಸಲ ಬಂದಿದ್ದಳು. ಹಿರಿಯರ ಕೈಗೆ ನೀರು ಹಾಕಿ ಆಶೀರ್ವಾದ ಪಡೆಯುವ ಹೊತ್ತಿನಲ್ಲಿ ಅವಳು ಅವ್ವನ ಕೈ ಹಿಡಿದವಳು ಬಿಡಲೇ ಇಲ್ಲ. "ವಾಪಸ್ ಕಳಿಸ್ಬೇಡ ಅವ್ವ. ಗದ್ದೆ ಕೆಲಸ ಮಾಡ್ತೀನಿ, ಏನ್ ಹೇಳಿದ್ರೂ ಮಾಡ್ತೀನಿ" ಎಂದಳು. ಮನೆಗಿನ್ನೂ ಚಾವಣಿ ಆಗಿರಲಿಲ್ಲ. ಬುವಾಛುಮ್ ತಾನೇ ಅವಳನ್ನು ಬಸ್ ಹತ್ತಿಸಿ ಬಂದಳು. ಚಾವಣಿಗೆ ಹೆಂಚು ಬಂತು. ಆಮೇಲೆ ಲಮ್ದುವಾನಳ ಸುದ್ದಿ ನಿಂತುಹೋಯಿತು. ಸತ್ತಿರಬೇಕೆಂದು ಊರವರು ಮಾತಾಡಿಕೊಂಡರು. ಬುವಾಛುಮ್ ಪ್ರತಿ ಹಬ್ಬಕ್ಕೂ ಭಿಕ್ಷುಗಳಿಗೆ ಅವಳ ಹೆಸರಿನಲ್ಲಿ ಅನ್ನ ಕೊಡುತ್ತ ಬಂದಿದ್ದಳು.

ಈಗ ಅಕ್ಕತಂಗಿಯರಿಬ್ಬರೂ ಹೊರಟರು. ಚಿಯಾಂಗ್ ಮಾಯ್‌ನಲ್ಲಿ ಬೆಟ್ಟಕ್ಕೆ ಹೋಗುವ ಕೆಂಪು ಗಾಡಿ ಹತ್ತಿದರು. ತಿರುವಿನ ಮೇಲೆ ತಿರುವು ಬಂದಂತೆ ಬುವಾಛುಮಳ ಮುಖ ಬಿಳಿಚಿಕೊಂಡಿತು.

ಚಾಲಕ ಕನ್ನಡಿಯಲ್ಲಿ ನೋಡಿ, "ಅಜ್ಜಿ, ವಾಂತಿ ಬಂದ್ರೆ ಹೊರಗಡೆ ಮಾಡಿ. ನಿನ್ನೆ ತಾನೇ ಗಾಡಿ ತೊಳ್ದಿದೀನಿ" ಅಂದ.

"ಅಜ್ಜಿ ಯಾರೋ? ನಿನ್ನ ಗಾಡಿಗಿಂತ ನಾವೇ ಗಟ್ಟಿಮುಟ್ಟಾಗಿದೀವಿ!" ಎಂದು ಸಿಮೂನ್ ಗದರಿದಳು. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಬುವಾಛುಮ್ ಮಾತ್ರ ಮಡಿಲಿನ ಬಾಳೆಲೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದಳು. ಅದರಲ್ಲಿ ಮಗಳಿಗೆಂದು ಮಾಡಿದ ತೆಂಗಿನಕಾಯಿ ಹೂರಣದ ಕಡುಬು ಇತ್ತು.

ಅರಮನೆಯ ಬಾಗಿಲಲ್ಲಿ ಕಾವಲಿನವನು ಪೊಟ್ಟಣ ನೋಡಿ, "ತಿಂಡಿ ಒಳಗೆ ಬಿಡಲ್ಲಮ್ಮ. ಇಲ್ಲೇ ಇಟ್ಟು ಹೋಗಿ, ಬರುವಾಗ ತಗೊಳ್ಳಿ" ಅಂದ. ಬುವಾಛುಮ್ ಅಲ್ಲೇ ಇಟ್ಟಳು.

ರಾಜಮನೆತನದವರು ಬಂದು ಉಳಿಯದ ಕಾಲ, ತೋಟ ಎಲ್ಲರಿಗೂ ತೆರೆದಿತ್ತು. ಮಂಜು ಆಗಷ್ಟೇ ಪೈನ್ ಮರಗಳಿಂದ ಬಿಡಿಸಿಕೊಳ್ಳುತ್ತಿತ್ತು. ಮಟ್ಟಸವಾಗಿ ಕತ್ತರಿಸಿದ ಹುಲ್ಲು, ಹಳದಿ, ಕೆಂಪು, ಮಕ್ಕಳ ತಲೆಯಷ್ಟು ದಪ್ಪದ ಗುಲಾಬಿ. ಜನ ಹೂವಿನ ಪಕ್ಕ ಕೆನ್ನೆ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಳಿಜಾರಿನ ಕೆಳಗಿನ ಸಾಲಿನಲ್ಲಿ ಅಗಲವಾದ ಹುಲ್ಲಿನ ಟೋಪಿ ಹಾಕಿ, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು ಒಣಗಿದ ಹೂಗಳನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಕಣ್ಣು ಮಾತ್ರ ಕಾಣುತ್ತಿತ್ತು. ಬುವಾಛುಮಳಿಗೆ ಅಷ್ಟು ಸಾಕಾಯಿತು.

"ದುವಾನ್" ಎಂದಳು.

ಕತ್ತರಿ ನಿಂತಿತು. ಹೆಂಗಸು ಸುತ್ತ ಒಮ್ಮೆ ನೋಡಿದಳು. ಹತ್ತು ಹೆಜ್ಜೆಯಾಚೆ ಮೇಲ್ವಿಚಾರಕ ಯಾರಿಗೋ ದಾರಿ ಹೇಳುತ್ತಿದ್ದ.

"ಕಾರಂಜಿ ಆ ಕಡೆ ಇದೆ, ಅಮ್ಮಾವ್ರೇ. ಹೂವು ಮುಟ್ಬೇಡಿ" ಎಂದಳು ಜೋರಾಗಿ. ಆಮೇಲೆ ಬಗ್ಗಿ, ಗಿಡದ ಕಡೆ ಮುಖ ಮಾಡಿಕೊಂಡೇ ಪಿಸುಗುಟ್ಟಿದಳು. "ಅಳ್ಬೇಡ. ಇಲ್ಲಿ ಅತ್ರೆ ಎಲ್ರೂ ಬಂದು ಏನಾಯ್ತು ಅಂತಾರೆ."

"ನಿನ್ನ ಕಾಲು ಹಿಡ್ಕೋತೀನಿ ಮಗಳೇ…"

"ಹಿಡೀಬೇಡ! ತಾಯಿ ಮಗಳ ಕಾಲು ಹಿಡಿದ್ರೆ ಜನ ಬಿಡ್ತಾರಾ? ನನಗೆ ಗಂಡ ಇದಾನೆ, ಮಗು ಇದೆ. ನಾನೆಲ್ಲಿದ್ದೆ ಅಂತ ಅವನಿಗೆ ಗೊತ್ತಿಲ್ಲ. ಅಪ್ಪ ಅವ್ವ ಇಬ್ರೂ ಸತ್ತಿದಾರೆ ಅಂತ ಹೇಳ್ಕೊಂಡಿದೀನಿ."

"ಮಗು… ಹೆಣ್ಣಾ, ಗಂಡಾ?"

ಲಮ್ದುವಾನ್ ಕತ್ತರಿ ಆಡಿಸಿದಳು. ಒಂದು ಹೂವು ಬಿತ್ತು, ಇನ್ನೊಂದು ಬಿತ್ತು.

ಸಿಮೂನ್ ನಡುವೆ ಬಂದಳು. "ದುವಾನ್, ನಿನ್ನವ್ವ ಬದುಕಿರೋದೇ ಇದೊಂದಕ್ಕೆ ಕಣೇ. ಒಂದು ಮಾತು ಕ್ಷಮಿಸ್ದೆ ಅನ್ನು."

"ಚಿಕ್ಕಮ್ಮ, ಬಸ್ ಹತ್ತಿಸಿದ ದಿನ ನಾನು ಕಿಟಕಿಯಿಂದ ನೋಡ್ತಾ ಇದ್ದೆ. ಅವ್ವ ಒಂದ್ಸಲ ತಿರುಗಿ ನೋಡ್ತಾಳಾ ಅಂತ. ಹೆಂಚಿನ ಅಂಗಡಿ ಕಡೆ ಹೋದ್ಲು." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಆ ಮನೇಲಿ ಚೆನ್ನಾಗಿರಿ. ನನ್ನ ಬಿಟ್ಟುಬಿಡಿ."

ಮೇಲ್ವಿಚಾರಕ ಈ ಕಡೆ ನೋಡಿದ. "ಏನಮ್ಮ, ಏನಾದ್ರೂ ಬೇಕಿತ್ತಾ?"

ಬುವಾಛುಮ್ ಹೆಗಲ ಮೇಲಿನ ಬಟ್ಟೆಯಲ್ಲಿ ಮೂಗು ಒರೆಸಿಕೊಂಡು, "ಏನಿಲ್ಲಪ್ಪ. ಹೂವಿನ ಹೆಸರು ಕೇಳ್ತಿದ್ದೆ" ಅಂದಳು.

"ಹೇಳಮ್ಮ, ಹೇಳು ಅವರಿಗೆ" ಎಂದು ಅವನು ಲಮ್ದುವಾನಳಿಗೆ ಹೇಳಿ ಅಲ್ಲೇ ನಿಂತ.

ಲಮ್ದುವಾನ್ ಹೇಳತೊಡಗಿದಳು. ಇದು ಬೇರೆ ದೇಶದಿಂದ ಬಂದದ್ದು, ಇದಕ್ಕೆ ಚಳಿ ಬೇಕು, ಇದು ಬೆಳಿಗ್ಗೆ ಮಾತ್ರ ಪರಿಮಳ ಬಿಡುತ್ತದೆ. ಪ್ರತಿ ಮಾತಿನ ಕೊನೆಗೂ ಅಮ್ಮಾವ್ರೇ, ಅಮ್ಮಾವ್ರೇ. ಬುವಾಛುಮ್ ಒಂದೊಂದು ಗಿಡವನ್ನೂ ತೋರಿಸಿ, "ಇದು?" "ಮತ್ತೆ ಇದು?" ಎಂದು ಕೇಳುತ್ತಲೇ ಹೋದಳು. ಒಂದು ಹೆಸರೂ ಅವಳ ಕಿವಿಗೆ ಇಳಿಯಲಿಲ್ಲ. ದನಿ ಕೇಳುತ್ತಿತ್ತು, ಅಷ್ಟೇ. ಸಾಲು ಮುಗಿಯಿತು. ಲಮ್ದುವಾನ್ ಎರಡೂ ಕೈ ಜೋಡಿಸಿ, ಬಂದವರೆಲ್ಲರಿಗೂ ಮಾಡುವಂತೆ ತಲೆಬಾಗಿ, ಬುಟ್ಟಿ ಎತ್ತಿಕೊಂಡು ಮೇಲಿನ ಸಾಲಿಗೆ ಹೋದಳು. ತಿರುಗಿ ನೋಡಲಿಲ್ಲ.

ಊರಿಗೆ ಬಂದ ಮೇಲೆ ಬುವಾಛುಮ್ ಒಳಕೋಣೆಯಲ್ಲಿ ಮಲಗುವುದನ್ನು ಬಿಟ್ಟಳು. ಅಂಗಳದ ಹುಣಸೆಮರದ ಕೆಳಗೆ ಮಂಚ ಹಾಕಿಕೊಂಡಳು. ಮಳೆ ಬಂದರೆ ಸಿಮೂನಳ ಮನೆಗೆ ಹೋಗುತ್ತಿದ್ದಳು.

"ಅಕ್ಕ, ಸ್ವಂತ ಮನೆ ಇಟ್ಕೊಂಡು ಇದೇನು ಅವತಾರ? ಜನ ನಗ್ತಾರೆ."

"ನಗ್ಲಿ ಬಿಡೇ."

ಸಿಮೂನ್ ಎಷ್ಟು ತಡೆದರೂ ಕೇಳದೆ, ಮಳೆಗಾಲ ಕಳೆದ ಮೇಲೆ ಅವಳು ಒಬ್ಬಳೇ ಮತ್ತೆ ಬೆಟ್ಟ ಹತ್ತಿದಳು. ಮಾತಾಡಿಸುವುದಿಲ್ಲ, ದೂರದಿಂದ ನೋಡಿ ಬರುತ್ತೇನೆ ಎಂದಿದ್ದಳು. ಗುಲಾಬಿ ಸಾಲಿನಲ್ಲಿ ಬೇರೆ ಯಾರೋ ಕೆಲಸ ಮಾಡುತ್ತಿದ್ದರು. ಮೇಲ್ವಿಚಾರಕನೇ ಗುರುತು ಹಿಡಿದ.

"ಹೂವಿನ ಹೆಸರು ಕೇಳಿದ ಅಮ್ಮ ಅಲ್ವಾ? ಆ ಹುಡುಗಿ ಇಲ್ಲಮ್ಮ. ನೀವು ಬಂದು ಹೋದ ವಾರವೇ ಕೆಲಸ ಬಿಟ್ಲು. ಗಂಡ ಮಗೂನ ಕರ್ಕೊಂಡು ಎಲ್ಲೋ ಹೋದ್ಲು. ಎಲ್ಲಿಗೆ ಅಂತ ನಮಗ್ಯಾರಿಗೂ ಹೇಳ್ಲಿಲ್ಲ. ಪಾಪ, ಈ ಗಿಡಗಳು ಅಂದ್ರೆ ಜೀವ ಬಿಡ್ತಿದ್ಲು."

"ಯಾಕೆ ಹೋದ್ಲಂತೆ?"

"ಯಾರಿಗೊತ್ತು? ಚೆನ್ನಾಗಿಯೇ ಇದ್ಲು."

ಮಗಳಿಗೆ ಒದಗಿದ್ದ ಒಂದು ನೆಲೆಯನ್ನೂ ತಾನೇ ಬಂದು ಕಿತ್ತೆ ಎಂಬುದು ಬುವಾಛುಮಳಿಗೆ ನಿಂತಲ್ಲೇ ತಿಳಿಯಿತು. ಕಲ್ಲುಬೆಂಚಿನ ಮೇಲೆ ಕೂತಳು. ಮುಂದೆ ಹುಡುಕುವುದಕ್ಕೆ ಒಂದು ಊರಿನ ಹೆಸರೂ ಇರಲಿಲ್ಲ. ಸಿಕ್ಕರೂ ಹೋಗುವಂತಿರಲಿಲ್ಲ. ಬಾಗಿಲು ಮುಚ್ಚುವ ಹೊತ್ತಿಗೆ ಕಾವಲಿನವನು ಬಂದು, "ಏಳಿ ಅಮ್ಮಾವ್ರೇ, ಕೊನೇ ಗಾಡಿ ಹೊರಡುತ್ತೆ" ಎಂದ. ಅವಳು ಎದ್ದು, ಅವನು ತೋರಿಸಿದ ಕಡೆ ನಡೆದಳು.