ನೆನೆಹಾಕದ ಕೊಡಲಿ

ಕೊಡಲಿಯ ಅಲಗು ಮರದ ಹಿಡಿಯಾದ ಕಾವಿನಿಂದ ಕಳಚಿ ಹಾರಿ ಹಣೆಗೆ ಬಡಿದು ನನ್ನ ತಮ್ಮ ಶಿಮ್ರಿ ಮರದ ಬುಡದಲ್ಲೇ ಸತ್ತ. ಬೀಸಿದವನು ನೆರೆಮನೆಯ ಯಾಮೀನ. ಬರಿಯ ಕಾವನ್ನು ಅಲ್ಲೇ ಎಸೆದು ಅವನು ಹೆಬ್ರೋನಿಗೆ ಓಡಿದ. ಅರಿಯದೆ ಕೊಂದವನಿಗೆ ಆ ಊರಿನ ಗೋಡೆಯೊಳಗೆ ಆಶ್ರಯವಿದೆ. ಬೇಕೆಂದೇ ಕೊಂದಿದ್ದರೆ ಹಿರಿಯರು ಅವನನ್ನು ಕೊಲ್ಲಲು ಸತ್ತವನ ಒಡಹುಟ್ಟಿದವನ ಕೈಗೆ ಒಪ್ಪಿಸುತ್ತಾರೆ. ನಮ್ಮ ಮನೆಯಲ್ಲಿ ಆ ಕೈ ಹದ್ಲಾಯಿಯದು, ನನ್ನ ಇನ್ನೊಬ್ಬ ತಮ್ಮನದು.

ಕೊಡಲಿ ನಮ್ಮದೇ. ಬೇಸಿಗೆಯಲ್ಲಿ ಕಾವು ಒಣಗಿ ಅಲಗು ಸಡಿಲವಾಗುತ್ತದೆ. ಹಿಂದಿನ ದಿನವೇ ನೀರಿಗೆ ಹಾಕಿ ಕಾವನ್ನು ಊದಿಸಿ ಕೊಡುವುದು ಮನೆಯ ಹೆಂಗಸಿನ ಕೆಲಸ. ನಾನು ಮರೆತಿದ್ದೆ. "ನೆನೆಸಿದ್ಯಾ ಅಕ್ಕಾ?" ಎಂದು ಯಾಮೀನ ಕೇಳಿದಾಗ, "ಹೂಂ, ತಗೊಂಡ್ ಹೋಗೋ" ಎಂದಿದ್ದೆ.

ಏಳು ದಿನ ಬೂದಿಯಲ್ಲಿ ಕುಳಿತು ನಮ್ಮ ಹಿರಿಯರ ಕೀರ್ತನೆ ಹಾಡಿದೆ. ಕೇಡು ನನ್ನ ಕೈಯದಾದರೆ ನನ್ನ ಜೀವವೇ ಮಣ್ಣಾಗಲಿ, ದೇವರೇ, ನೀನೇ ತೀರ್ಪು ಕೊಡು ಎಂದು ಬೇಡುವ ಕೀರ್ತನೆ ಅದು. ಹಾಡುವಾಗೆಲ್ಲ ಯಾಮೀನನ ಮುಖವೇ ಕಣ್ಣೆದುರಿಗಿತ್ತು.

ಎಂಟನೆಯ ದಿನ ಹೆಬ್ರೋನಿನ ಊರಬಾಗಿಲಲ್ಲಿ ಹಿರಿಯರು ತೀರ್ಪಿಗೆ ಕೂತರು. ಯಾಮೀನನ ತಾಯಿ ನಾರಾ ರೊಟ್ಟಿಗಂಟು ಹಿಡಿದು ಗೋಡೆಗೊರಗಿದ್ದಳು.

"ಏನಮ್ಮಾ, ಮಗನಿಗೆ ಬುತ್ತಿನಾ?" ಎಂದ ಹದ್ಲಾಯಿ. "ಸಂಜೆವರ್ಗೂ ಹಲ್ಲು ಉಳಿದ್ರೆ ತಿನ್ಲಿ ಬಿಡು."

"ಹಿರೀರೇ, ಅಲಗು ಸಡಿಲ ಇತ್ತು," ಎಂದ ಯಾಮೀನ. "ಬೇಕಾದ್ರೆ ಅಕ್ಕನ್ನೇ ಕೇಳಿ."

"ನೆನೆಸಿದ್ಯೇನಮ್ಮಾ?" ಎಂದು ಹಿರಿಯರು ನನ್ನತ್ತ ತಿರುಗಿದರು.

"ನೆನೆಸಿದ್ದೆ" ಎಂದೆ.

ಶಿಮ್ರಿ ಸಾಯುವ ಹಿಂದಿನ ದಿನ ಬಾವಿಯ ಹತ್ತಿರ ಅವನೂ ಯಾಮೀನನೂ ಹೊಡೆದಾಡಿದ್ದರೆಂದು ಇಬ್ಬರು ಕುರುಬರು ಹೇಳಿದರು. ಬೇಕೆಂದೇ ಕೊಂದನೆಂದು ಹಿರಿಯರು ತೀರ್ಪು ಕೊಡಲು ಅಷ್ಟು ಸಾಕಾಯಿತು.

ಹದ್ಲಾಯಿ ಯಾಮೀನನನ್ನು ಕೂದಲು ಹಿಡಿದು ಬಾಗಿಲಾಚೆ ದರದರ ಎಳೆದೊಯ್ದ. ಮೊಣಕಾಲಿನಿಂದ ಬಾಯಿಗೆ ಗುದ್ದಿದ; ಹಲ್ಲುಗಳು ಧೂಳಿಗೆ ಉದುರಿದವು. ಆಮೇಲೆ ಹೊಟ್ಟೆಗೆ ಚೂರಿ ಹಾಕಿದ, ಕಿತ್ತು ಮತ್ತೆ ಹಾಕಿದ. ಯಾಮೀನ ಕಿರುಚಲಿಲ್ಲ. ರಕ್ತ ಉಗುಳುತ್ತ ಅದೇ ಕೀರ್ತನೆ ಹಿಡಿದ. ಕೇಡು ನನ್ನ ಕೈಯದಾದರೆ ಎಂಬ ಮಾತು ಅವನ ಒಡೆದ ಬಾಯಲ್ಲಿ ಒಂದಿಷ್ಟೂ ತಡವರಿಸಲಿಲ್ಲ. ಏಳು ಬೆಳಗು ನಾನು ದೇವರ ಕತ್ತಿಯನ್ನು ನನ್ನ ಮೇಲೆಯೇ ಕರೆದಿದ್ದೆನೆಂದು ಆಗ ತಿಳಿಯಿತು.

ಓಡಿಹೋಗಿ ಅವನ ಮೇಲೆ ಬಿದ್ದೆ. ಇಳಿಯುತ್ತಿದ್ದ ಚೂರಿ ನನ್ನ ಮುಂಗೈಯನ್ನು ಮೂಳೆಯವರೆಗೂ ಸೀಳಿತು.

"ಬಿಡೋ! ನೆನೆಸಿರ್ಲಿಲ್ಲ ಕಣೋ! ಕಾವು ಒಣಗಿತ್ತು!"

"ಈಗ ಹೇಳ್ತೀಯೇನೇ?" ಹದ್ಲಾಯಿಯ ದನಿ ಒಡೆಯಿತು. "ಇವನ ಕರುಳು ನನ್ ಕೈಗೆ ಬಂದ್ಮೇಲೆ ಹೇಳ್ತೀಯಾ?"

ಯಾಮೀನ ನನ್ನ ಸೆರಗು ಹಿಡಿದ. "ಜೋರಾಗಿ ಹೇಳಕ್ಕಾ. ಅಮ್ಮಂಗೆ ಕೇಳಿಸ್ಲಿಲ್ಲ."

ನಾರಾಳ ಕಡೆ ತಿರುಗಿ ಜೋರಾಗಿ ಹೇಳಿದೆ. ಹೇಳಿ ಮುಗಿಸುವುದರೊಳಗೆ ಸೆರಗು ಹಿಡಿದ ಬೆರಳುಗಳು ಸಡಿಲವಾಗಿದ್ದವು.

ನಾರಾ ಗಂಟನ್ನು ಕೆಳಗಿಟ್ಟು ಬಗ್ಗಿದಳು. ಅವಳನ್ನು ಯಾರೂ ತಡೆಯಲಿಲ್ಲ. ನಾನೂ ಮುಖ ಮುಚ್ಚಿಕೊಳ್ಳಲಿಲ್ಲ. ಮೊದಲ ಕಲ್ಲಿಗೆ ನನ್ನ ಎಡಗಣ್ಣು ಹೋಯಿತು. ಇನ್ನೊಂದು ಕಣ್ಣಿನಿಂದ ಅವಳನ್ನೇ ನೋಡುತ್ತ, ಮತ್ತೊಮ್ಮೆ ಹೇಳಿದೆ.